ಎ-ಕ್ಲಾಸ್ ಸಬ್‌ಮರೀನ್ ಒಳಗೆ ಪೆಟ್ರೋಲ್ ಎಂಜಿನ್ಯಾಕೆ?

ಪ್ರಶ್ನೆ: ಬಾಗಲಕೋಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತೇನೆ. ಶೆಡ್ ಬಾಗಿಲು ಹಾಕಿ ಪೆಟ್ರೋಲ್ ಎಂಜಿನ್ ಚಾಲೂ ಮಾಡಿದರೆ ತಲೆ ಗಿರ್ ಅನ್ನುತ್ತದೆ. ನೂರು ವರ್ಷಕ್ಕೂ ಹಿಂದಿನ ಬ್ರಿಟಿಷ್ ನೌಕಾಪಡೆಯ ಎ-ಕ್ಲಾಸ್ ಸಬ್‌ಮರೀನ್‌ನಲ್ಲಿ 11 ಜನ ಹೇಗಿದ್ದರು?

ಉತ್ತರ: ಪೆಟ್ರೋಲ್ ಎಂಜಿನ್ ನೀರಿನ ಮೇಲೆ ಮಾತ್ರ ರೀ. ಮುಳುಗಿದಾಗ ಬ್ಯಾಟರಿ, ಮೋಟರ್. ಆದರೂ ಪೆಟ್ರೋಲ್ ಆವಿ ಒಳಗೇ ಉಳಿಯುತ್ತಿತ್ತು. 1905ರಲ್ಲಿ ಐರ್ಲೆಂಡಿನ ಕ್ವೀನ್ಸ್‌ಟೌನ್‌ನಲ್ಲಿ ಎ5 ಅನ್ನೋ ಎ-ಕ್ಲಾಸ್ ಸಬ್‌ಮರೀನ್ ಒಳಗೆ ಸ್ಫೋಟವಾಗಿ ಜನ ಸತ್ತರು. ಇಡೀ ಕ್ಲಾಸಿಗೇ ಡೀಸೆಲ್ ಬಂದದ್ದು ಮುಂದಿನ ಡಿ-ಕ್ಲಾಸ್‌ನಲ್ಲಿ.

ಇನ್ನೊಬ್ಬರು: ಎ1 ಕಥೆ ಇನ್ನೂ ಕರುಳು ಹಿಂಡುತ್ತದೆ. 1904ರ ಮಾರ್ಚ್ 18, ಪೋರ್ಟ್ಸ್‌ಮತ್ ಬಳಿ ಅಭ್ಯಾಸ. ಬೆರ್ವಿಕ್ ಕ್ಯಾಸಲ್ ಅನ್ನೋ ಪ್ರಯಾಣಿಕರ ಹಡಗು ಎ1 ಸಬ್‌ಮರೀನಿನ ಮೇಲಿನ ಗೋಪುರಕ್ಕೆ ಬಡಿಯಿತು. ಎ1 ಒಳಗಿದ್ದ ಅಷ್ಟೂ ಜನ ಹೋದರು. ಆಮೇಲೆ ಗೋಪುರದ ಬುಡಕ್ಕೂ ನೀರು ನುಗ್ಗದ ಮುಚ್ಚಳ ಹಾಕಿದರು.

ಪ್ರಶ್ನೆ ಕೇಳಿದವರು: ಒಂದು ಮುಚ್ಚಳ! ಮೊದಲೇ ಇದ್ದಿದ್ದರೆ ಆ 11 ಜನ ಉಳಿಯುತ್ತಿದ್ದರೇನೋ, ಅಲ್ವಾ ಅಣ್ಣಾ?