ಸಾರುವೆಯೋ ಅಟ್ಟಣಿಗೆಯೋ? ಬೋರ್ಡಿಗೆ ಯಾವ ಪದ?

ಗೆಳೆಯರೇ, ನಮಸ್ಕಾರ.

ಹಾಸನದಲ್ಲಿ ಮನೆ ಕಟ್ಟಿಸುವ ಕೆಲಸ ನೋಡಿಕೊಳ್ಳುತ್ತೇನೆ. ಒಂದು ಪದದ ವಿಚಾರದಲ್ಲಿ ನಿಮ್ಮ ಸಹಾಯ ಬೇಕು. ಗೋಡೆ ಪಕ್ಕ ಗಳ ನಿಲ್ಲಿಸಿ, ಅಡ್ಡ ಕಟ್ಟಿ, ಹಲಗೆ ಹಾಸಿ, ಅದರ ಮೇಲೆ ನಿಂತು ಗಾರೆ ಮಾಡುತ್ತಾರಲ್ಲ, ಅದಕ್ಕೆ ನಮ್ಮ ಕಡೆಯ ಮೇಸ್ತ್ರಿಗಳು ಸಾರುವೆ ಅಂತಾರೆ. ಕೆಲವರ ಬಾಯಲ್ಲಿ ಅದು ಸಾರ್ವೆ. ಆದರೆ ಸೈಟಿನಲ್ಲಿ ಹಾಕುವ ಎಚ್ಚರಿಕೆ ಬೋರ್ಡುಗಳಲ್ಲಿ ಈ ಪದ ನನ್ನ ಕಣ್ಣಿಗೆ ಬಿದ್ದೇ ಇಲ್ಲ.

ಕಳೆದ ಮಳೆಗಾಲದಲ್ಲಿ ನಾನಿದ್ದ ಒಂದು ಸೈಟಿನಲ್ಲಿ 'ಪರಿಶೀಲಿಸದ ಅಟ್ಟಣಿಗೆಯನ್ನು ಆರೋಹಿಸತಕ್ಕದ್ದಲ್ಲ' ಎಂದು ದೊಡ್ಡದಾಗಿ ಬರೆದಿತ್ತು. ಅದರ ಪಕ್ಕದಲ್ಲೇ ಹೊಸ ಹುಡುಗನೊಬ್ಬ ಸಾರುವೆ ಹತ್ತಿದ. ಹಲಗೆ ಮಗುಚಿತು. ಒಂಬತ್ತು ಅಡಿ ಮೇಲಿಂದ ಬಿದ್ದು ಕಾಲು ಮುರಿದುಕೊಂಡ. ಬೋರ್ಡ್ ಓದಿರಲಿಲ್ವಾ ಅಂತ ಆಸ್ಪತ್ರೆಯಲ್ಲಿ ಕೇಳಿದೆ. "ಓದಿದ್ದೆ ಅಣ್ಣ. ಅಟ್ಟ ಹತ್ತಬಾರದು ಅಂತ ತಿಳ್ಕೊಂಡೆ. ನಾನು ಅಟ್ಟ ಹತ್ತಲಿಲ್ಲವಲ್ಲ" ಅಂದ. ಅವನಿಗೆ ಗೊತ್ತಿದ್ದದ್ದು ಅಡುಗೆಮನೆಯ ಮೇಲಿನ ಅಟ್ಟ. ತಪ್ಪು ಅವನದ್ದಲ್ಲ.

ಅಟ್ಟಣಿಗೆ ಕೆಟ್ಟ ಪದ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಆ ಪದ ಕೇಳಿದರೆ ಶ್ರವಣಬೆಳಗೊಳ ಕಣ್ಣ ಮುಂದೆ ಬರುತ್ತದೆ. 2018ರ ಮಹಾಮಸ್ತಕಾಭಿಷೇಕಕ್ಕೆ 58 ಅಡಿಯ ಗೊಮ್ಮಟನ ಹಿಂದೆ ಎತ್ತರದ ವೇದಿಕೆ ಎದ್ದು ನಿಂತಿತ್ತಲ್ಲ, ಪೇಪರಿನವರು ಅದನ್ನು ಅಟ್ಟಣಿಗೆ ಎಂದೇ ಬರೆದರು. ಅದು ಜನ ನಂಬಿ ಹತ್ತುವಂಥದ್ದು. ಸಾರುವೆ ಹಾಗಲ್ಲ. ಇವತ್ತು ಕಟ್ಟಿ, ಗಾರೆ ಮುಗಿದ ಮೇಲೆ ಬಿಚ್ಚುವಂಥದ್ದು. ದಿನಾ ನೋಡಿಯೇ ಹತ್ತಬೇಕು.

ಪದದ ಹುಟ್ಟಿನ ಬಗ್ಗೆಯೂ ಕೇಳಬೇಕು. ಸರ್ವೆ ಮರದ ಗಳದಲ್ಲಿ ಕಟ್ಟುವುದರಿಂದ ಸಾರುವೆ ಆಯಿತು ಅಂತ ಒಬ್ಬ ಮೇಸ್ತ್ರಿ ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಸರ್ವೆ ಆಸ್ಟ್ರೇಲಿಯಾ ಕಡೆಯ ಮರ. ನಮ್ಮ ಕರಾವಳಿಯಲ್ಲಿ ಅದರ ತೋಪುಗಳು ಎದ್ದದ್ದು 19ನೇ ಶತಮಾನದಲ್ಲಿ. ಬೇಲೂರಿನ ಚೆನ್ನಕೇಶವ ದೇವಸ್ಥಾನವೋ 1117ರದ್ದು. ಅಲ್ಲಿ ಎತ್ತರದಲ್ಲಿ ಕಲ್ಲು ಕೆತ್ತಿದವರೂ ಏನೋ ಒಂದು ಕಟ್ಟಿಕೊಂಡೇ ನಿಂತಿರಬೇಕು. ಅದಕ್ಕೊಂದು ಹೆಸರೂ ಇದ್ದಿರಬೇಕು, ಅಲ್ವಾ? ತಮಿಳಿನಲ್ಲೂ ಇದಕ್ಕೆ ಸಾರಂ ಅಂತಲೇ ಹೆಸರು. ಹಾಗಾಗಿ ಪದವೇ ಹಳೆಯದು ಅನ್ನಿಸುತ್ತದೆ. ಸಾರುವೆಗೆ ಒದಗುವ ಮರ ಅಂತ ಮರಕ್ಕೇ ಆ ಹೆಸರು ಬಂದಿರಬಹುದಾ? ಹಳಗನ್ನಡ ಓದಿಕೊಂಡವರು ತಿಳಿಸಿ.

ಇನ್ನೊಂದು ಪದ ನಮ್ಮ ಅಪ್ಪನದ್ದು. ಅವರು ಗಾರೆ ಕೆಲಸದವರು. ಬೆಳಿಗ್ಗೆ ಬಂದ ಕೂಡಲೇ ಕರಣೆ ಮುಟ್ಟುತ್ತಿರಲಿಲ್ಲ. ಮೊದಲು ಒಂದೊಂದು ಕಟ್ಟನ್ನೂ ಕೈಯಲ್ಲಿ ಜಗ್ಗಿ ನೋಡುತ್ತಿದ್ದರು. ಮಳೆ ಬಂದ ಮರುದಿನ ಗಳದ ಬುಡ ಕೆಮ್ಮಣ್ಣಿನಲ್ಲಿ ಇಳಿದಿದೆಯಾ ಅಂತ ಬಗ್ಗಿ ನೋಡುತ್ತಿದ್ದರು. ಅಡ್ಡಗಳ ದಾಟಿ ಜಾಸ್ತಿ ಆಚೆ ಚಾಚಿಕೊಂಡ ಹಲಗೆಯನ್ನು 'ಏತದ ಹಲಗೆ' ಅನ್ನುತ್ತಿದ್ದರು. ಆ ತುದಿ ತುಳಿದರೆ ಈ ತುದಿ ನೀರೆತ್ತುವ ಏತದ ಹಾಗೆ ಮೇಲೇಳುತ್ತದೆ, ನಿಂತವನು ನೆಲಕ್ಕೆ. ಆ ಹುಡುಗ ತುಳಿದದ್ದೂ ಅಂಥದ್ದನ್ನೇ. ಹೆಸರಿದ್ದರೆ ಕೆಳಗಿನಿಂದ ಕೂಗಿ ಹೇಳಬಹುದು, "ಏತದ ಹಲಗೆ ಐತೆ, ನೋಡ್ಕಳೋ" ಅಂತ. ಆದರೆ ಈಗ ಕೆಲಸಕ್ಕೆ ಬರುವ ಹುಡುಗರು ಏತವನ್ನೇ ನೋಡಿಲ್ಲ. ನಿಮ್ಮ ಊರಿನಲ್ಲಿ ಇಂಥ ಹಲಗೆಗೆ ಏನಂತಾರೆ?

ಹೊಸ ಸೈಟಿಗೆ ನಾನು ಬರೆದಿಟ್ಟುಕೊಂಡಿರುವುದು ಇಷ್ಟು: 'ಕಟ್ಟು, ಹಲಗೆ, ಬುಡ ನೋಡದೆ ಸಾರುವೆ ಹತ್ತಬೇಡಿ.' ನಮ್ಮಲ್ಲಿ ರಾಯಚೂರು, ಕಲಬುರಗಿ ಕಡೆಯಿಂದ ಬಂದು ದುಡಿಯುವವರೂ ಇದ್ದಾರೆ. ಅವರಿಗೆ ಸಾರುವೆ ಅಂದರೆ ಗೊತ್ತಾಗುತ್ತದಾ? ಇಲ್ಲ ಅಂದರೆ ಅವರ ಪದವನ್ನೂ ಪಕ್ಕದಲ್ಲಿ ಬರೆಸುತ್ತೇನೆ. ಬೋರ್ಡ್ ಬರೆಯುವವರು ಸೋಮವಾರ ಬರುತ್ತಾರೆ. ಅಷ್ಟರೊಳಗೆ ದಯವಿಟ್ಟು ಹೇಳಿ.