ಸಹಾಯ ಬೇಕು: ಪಿಆರ್ ಪಾಠದಲ್ಲಿ ಬೇರೆ ಸಂಸ್ಕೃತಿಗಳನ್ನು ಎಲ್ಲಿಂದ ಶುರುಮಾಡಲಿ?

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಪದವಿ ಕೊನೆ ವರ್ಷದವರಿಗೆ ಸಾರ್ವಜನಿಕ ಸಂಪರ್ಕ (ಪಿಆರ್) ಕಲಿಸುತ್ತೇನೆ. ಬೇರೆ ದೇಶ, ಬೇರೆ ಸಂಸ್ಕೃತಿಯವರ ಜೊತೆ ಹೇಗೆ ಮಾತಾಡಬೇಕು ಅನ್ನುವ ಪಾಠದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ಹಾಫ್‌ಸ್ಟೆಡ್ ಸಿದ್ಧಾಂತ ಹೇಳಿದೆ; ಅದು ಒಂದೊಂದು ದೇಶದ ಸಂಸ್ಕೃತಿಯನ್ನು ಅಂಕಿಗಳಲ್ಲಿ ಅಳೆಯುತ್ತದೆ. ಅಧಿಕಾರದ ಅಂತರದಲ್ಲಿ, ಅಂದರೆ ಮೇಲು-ಕೀಳನ್ನು ಜನ ಎಷ್ಟು ಸಹಜ ಅಂತ ಒಪ್ಪುತ್ತಾರೆ ಅನ್ನುವುದರಲ್ಲಿ, ಭಾರತಕ್ಕೆ 77, ಅಮೆರಿಕಕ್ಕೆ 40. ಮಕ್ಕಳು ಬಾಯಿಪಾಠ ಮಾಡಿದರು, ಮುಗೀತು. ಆಮೇಲೆ, ಗೋಕರ್ಣಕ್ಕೆ ಬರುವ ವಿದೇಶಿಯರಿಗೆ ದೇವಸ್ಥಾನದ ಉಡುಪಿನ ಬಗ್ಗೆ ಒಂದು ಸೂಚನಾ ಫಲಕ ಬರೆಯಿರಿ ಅಂದೆ. ಒಬ್ಬಳು ಹಾಳೆ ತುಂಬ 'ಹಾಕಬಾರದು, ಬರಬಾರದು' ಅಂತ ಬರೆದು ಹಾಗೇ ಇಂಗ್ಲಿಷಿಗೆ ತಿರುಗಿಸಿದ್ದಳು. ಆ ನಿಯಮ ಯಾಕೆ ಅನ್ನುವ ಒಂದು ಸಾಲೂ ಇಲ್ಲ. ನಮ್ಮೂರವರಿಗೆ ಅದು ಬೇಡ, ಹೊರಗಿನವರಿಗೆ ಅದೇ ಮುಖ್ಯ, ಅಲ್ವಾ? ಇದು ಮಾತ್ರ ಎಲ್ಲರ ತಲೆಗೆ ಹೋಯಿತು.

ತೊಡಕು ಆಮೇಲೆ ಬಂತು. ಹಿಂದಿನ ಬೆಂಚಿನವನೊಬ್ಬ ಕೇಳಿದ: "ಸರ್, ಭಟ್ಕಳದ ನವಾಯತರಿಗೂ ಯಲ್ಲಾಪುರದ ಸಿದ್ದಿಗಳಿಗೂ ಅದೇ 77 ಆ? ಮುಂಡಗೋಡದ ಟಿಬೆಟನ್ನರನ್ನು ಯಾವ ದೇಶದ ಲೆಕ್ಕಕ್ಕೆ ಹಾಕೋದು?" ನನಗೆ ಉತ್ತರ ಹೊಳೆಯಲಿಲ್ಲ. ಆ ಸಿದ್ಧಾಂತ ಹುಟ್ಟಿದ್ದೇ 1970ರ ಆಸುಪಾಸಿನಲ್ಲಿ ಐಬಿಎಂ ಅನ್ನುವ ಒಂದೇ ಕಂಪನಿಯ ನೌಕರರನ್ನು ಕೇಳಿ. ಹಾಗಂತ ಬಿಡುವಂತಿಲ್ಲ, ಪರೀಕ್ಷೆಗೆ ಬರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ನಮ್ಮ ಜಿಲ್ಲೆಯೊಳಗಿನ ಈ ಸಮುದಾಯಗಳ ವ್ಯತ್ಯಾಸದಿಂದ ಶುರುಮಾಡಿ ಆಮೇಲೆ ದೇಶಗಳಿಗೆ ಹೋಗಲಾ, ಇಲ್ಲ ಪುಸ್ತಕದ ಕ್ರಮದಲ್ಲೇ ದೇಶಗಳನ್ನು ಮುಗಿಸಿ ಊರಿಗೆ ಬರಲಾ? ತರಗತಿಯಲ್ಲಿ ಮಾಡಿ ನೋಡಿದವರು ಯಾರಾದರೂ ಇದ್ದರೆ, ಯಾವ ಅಸೈನ್‌ಮೆಂಟ್ ಕೊಟ್ಟಿರಿ, ಅಂಕ ಹೇಗೆ ಹಾಕಿದಿರಿ ಅಂತ ಹೇಳುತ್ತೀರಾ?