ಸಹಾಯ ಬೇಕು: ಅಣ್ಣನ ಟರ್ಮ್ ಜೀವವಿಮೆ ಪಾಲಿಸಿಗೆ ಟ್ರಸ್ಟಿ ಯಾರಾದರೆ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ನಮ್ಮಣ್ಣನಿಗೆ ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ, ಸಿಮೆಂಟು-ಕಬ್ಬಿಣದವರ ಬಾಕಿ ಎಲ್ಲವೂ ಅವನ ಹೆಸರಲ್ಲೇ. ಈಗ 1 ಕೋಟಿಯ ಟರ್ಮ್ ಪಾಲಿಸಿ ಮಾಡಿಸುತ್ತಿದ್ದಾನೆ. ನಾಳೆ ಅವನಿಗೇನಾದರೂ ಆದರೆ ಆ ದುಡ್ಡು ಅತ್ತಿಗೆ, ಮಕ್ಕಳ ಕೈಗೇ ಸೇರಬೇಕು.

ಏಜೆಂಟರು ನಾಮಿನಿ ಹಾಕಿದರೆ ಸಾಕು ಅಂತಾರೆ. ನನಗೆ ಅಷ್ಟು ಧೈರ್ಯ ಇಲ್ಲ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಸೆಕ್ಷನ್ ಅಡಿ ಮಾಡಿಸಿದರೆ ಪಾಲಿಸಿ ಹೆಂಡತಿ, ಮಕ್ಕಳ ಟ್ರಸ್ಟ್ ಆಗುತ್ತದೆ, ಅಂದರೆ ದುಡ್ಡು ಅವರಿಗೇ ಮೀಸಲು; ಅದನ್ನು ಅವರ ಪರವಾಗಿ ನೋಡಿಕೊಳ್ಳುವವರೇ ಟ್ರಸ್ಟಿ. ಮೋಸದ ಉದ್ದೇಶ ಇಲ್ಲದಿದ್ದರೆ ಸಾಲ ಕೊಟ್ಟವರು ಆ ದುಡ್ಡನ್ನು ಮುಟ್ಟುವಂತಿಲ್ಲ. ಪಾಲಿಸಿ ತೆಗೆದುಕೊಳ್ಳುವಾಗಲೇ ಇದನ್ನು ಬರೆಸಬೇಕು, ಆಮೇಲೆ ಸೇರಿಸೋಕೆ ಆಗಲ್ಲ. ಅದಕ್ಕೇ ಅವಸರ.

ಮಕ್ಕಳಿಬ್ಬರೂ ಇನ್ನೂ ಚಿಕ್ಕವರು. ಅತ್ತಿಗೆಯನ್ನೇ ಟ್ರಸ್ಟಿ ಮಾಡುವುದಾ, ಜೊತೆಗೆ ಇನ್ನೊಬ್ಬರು ಇರಬೇಕಾ? ಪಾಲನ್ನು ಶೇಕಡಾ ಲೆಕ್ಕದಲ್ಲಿ ಹೇಗೆ ಬರೆಸಿದಿರಿ? ಮಾಡಿಸಿದವರು, ವಕೀಲರು ದಯವಿಟ್ಟು ತಿಳಿಸಿ.